ನೆಬುತ ತರಹದ ಕಾಗದದ ಬೆಳಕಿನ ಗಾಡಿ, ನಮ್ಮ ಗಣಪತಿ ಮೆರವಣಿಗೆಗೆ ಮಾಡಬಹುದಾ?

ಪೆಂಡಾಲ್ ಹುಡುಗ, ಹಾಸನ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಮ್ಮದು ಸಾಲಗಾಮೆ ರಸ್ತೆ ಕಡೆಯ ಒಂದು ಬಡಾವಣೆಯ ಗಣಪತಿ ಸಮಿತಿ. ಪ್ರತಿ ವರ್ಷ ಗಣಪತಿ ಬಿಡುವ ದಿನ ಹೊರಗಿನಿಂದ ಲೈಟಿಂಗ್ ಗಾಡಿ ಬಾಡಿಗೆಗೆ ತರಿಸುತ್ತೇವೆ. ಅದೇ ಕಮಾನು, ಅದೇ ತಿರುಗುವ ಚಕ್ರ, ಅದೇ ನವಿಲು. ಪಕ್ಕದ ಬೀದಿಗೆ ಹೋದ ವಾರ ಬಂದಿದ್ದ ನವಿಲೇ ಈ ವಾರ ನಮ್ಮ ಬೀದಿಗೆ ಬಂದಿರುತ್ತದೆ. ಚಂದಾ ದುಡ್ಡಿನಲ್ಲಿ ಅರ್ಧ ಅದಕ್ಕೆ, ಮಿಕ್ಕಿದ್ದರಲ್ಲಿ ದೊಡ್ಡ ಪಾಲು ಸೌಂಡ್‌ಗೆ. ಈ ಸಲ ಸಭೆಯಲ್ಲಿ ಹಿರಿಯರು ಖಡಾಖಂಡಿತವಾಗಿ ಹೇಳಿಬಿಟ್ಟರು: ಬಾಡಿಗೆ ಗಾಡಿಗೆ ಒಂದು ರೂಪಾಯಿ ಕೊಡಲ್ಲ, ಹುಡುಗರೇ ಕೈಯಾರೆ ಏನಾದರೂ ಮಾಡೋದಾದರೆ ಸಾಮಾನಿಗೆ ದುಡ್ಡು ಕೊಡುತ್ತೇವೆ.

ಆಗ ನನಗೆ ಹೊಳೆದದ್ದು ಜಪಾನಿನ ಅಓಮೊರಿ ಊರಿನ ನೆಬುತ ಹಬ್ಬ. ವಿಡಿಯೋ ನೋಡಿದವರಿಗೆ ಗೊತ್ತಿರುತ್ತದೆ. ರಸ್ತೆ ತುಂಬ ಅಗಲಕ್ಕೆ ಕಾಗದದ ಯೋಧರು, ರಾಕ್ಷಸರು, ಡ್ರ್ಯಾಗನ್‌ಗಳು. ಎಲ್ಲಾ ಒಳಗಿನಿಂದ ಬೆಳಗುತ್ತಿರುತ್ತವೆ. ಹೊರಗೆ ಒಂದು ಬಲ್ಬೂ ಕಾಣಿಸಲ್ಲ. ನಮ್ಮ ಸೀರಿಯಲ್ ಸೆಟ್ ಗಾಡಿಗಳಲ್ಲಿ ಕಣ್ಣು ಕುಕ್ಕುತ್ತದೆ, ಅದರಲ್ಲಿ ಹಾಗಾಗಲ್ಲ. ನೋಡುತ್ತಲೇ ಇರೋಣ ಅನ್ನಿಸುತ್ತದೆ.

ಅಷ್ಟು ದೊಡ್ಡದು ಬೇಡ. ಒಂದು ಟ್ರ್ಯಾಕ್ಟರ್ ಟ್ರೈಲರ್ ಮೇಲೆ ಕೂರುವಷ್ಟು ಚಿಕ್ಕದು ಮಾಡಬಹುದಾ? ನನ್ನ ಮುಖ್ಯ ಭಯ ಮಳೆ. ಭಾದ್ರಪದದಲ್ಲಿ ಹಾಸನದಲ್ಲಿ ಯಾವಾಗ ಹನಿ ಬೀಳುತ್ತದೆ ಅಂತ ದೇವರಿಗೂ ಗೊತ್ತಿರಲ್ಲ, ಕಾಗದ ಅಂದರೆ ಐದು ನಿಮಿಷಕ್ಕೆ ಮುದ್ದೆ. ಎರಡನೇದು, ಆ ಆಕಾರ ನಿಲ್ಲಿಸೋದು ಹೇಗೆ, ಒಳಗೆ ಏನಿರುತ್ತದೆ? ನಮ್ಮ ಹುಡುಗರಲ್ಲಿ ಒಬ್ಬ ಬಾರ್ ಬೆಂಡಿಂಗ್ ಕೆಲಸದವನಿದ್ದಾನೆ, ಇಬ್ಬರು ವೈರಿಂಗ್ ಗೊತ್ತಿರೋರು, ಒಬ್ಬ ಗೋಡೆ ಬರಹದವನು. ಮಿಕ್ಕವರಿಗೆ ಉತ್ಸಾಹ ಮಾತ್ರ ಜಾಸ್ತಿ.

ಗೊತ್ತಿರೋರು ಹೇಳಿ. ನಗಬೇಕು ಅನ್ನಿಸಿದರೆ ನಕ್ಕುಬಿಟ್ಟು ಹೇಳಿ.

ತೋಟದ ದಾರಿ, ಚಿಕ್ಕಮಗಳೂರು

ನಗೋದು ಯಾಕೆ ಮಾರಾಯ, ಒಳ್ಳೇ ಯೋಚನೆ. ನಾನು ಕೆಲಸದ ಮೇಲೆ ಕೆಲವು ಕಾಲ ಜಪಾನಿನಲ್ಲಿದ್ದೆ. ಅಓಮೊರಿ ಹಬ್ಬ ನೋಡಿದ್ದೇನೆ, ಅವರು ಗಾಡಿ ಕಟ್ಟುವ ಶೆಡ್‌ಗಳನ್ನೂ ನೋಡಿದ್ದೇನೆ. ಗೊತ್ತಿರೋದನ್ನ ಹೇಳುತ್ತೇನೆ.

ಮೊದಲು ಊರಿನ ವಿಚಾರ. ಅಓಮೊರಿ ಇರೋದು ಜಪಾನಿನ ದೊಡ್ಡ ದ್ವೀಪ ಹೊನ್ಶುವಿನ ಉತ್ತರದ ತುದಿಯಲ್ಲಿ, ಸಮುದ್ರದ ದಡದಲ್ಲಿ. ಚಳಿಗಾಲದಲ್ಲಿ ಮನುಷ್ಯ ಮುಳುಗುವಷ್ಟು ಹಿಮ ಬೀಳುವ ಜಾಗ. ಬೇಸಿಗೆ ಅನ್ನೋದು ಬಂದ ಹಾಗೆ ಬಂದು ಹೋಗಿಬಿಡುತ್ತದೆ. ಅದಕ್ಕೇ ಏನೋ, ಆಗಸ್ಟ್ 2ರಿಂದ 7ರವರೆಗೆ ಊರಿಗೆ ಊರೇ ರಸ್ತೆಯಲ್ಲಿರುತ್ತದೆ. ಕೋವಿಡ್‌ಗೆ ಮುಂಚೆ ಆ ಆರು ದಿನಕ್ಕೆ ಬರುತ್ತಿದ್ದ ಜನ 20 ಲಕ್ಷ ದಾಟುತ್ತಿತ್ತು. ಊರಿನ ಜನಸಂಖ್ಯೆ 3 ಲಕ್ಷವೂ ಇಲ್ಲ! 2020, 2021ರಲ್ಲಿ ಹಬ್ಬ ನಿಂತಿತ್ತು, 2022ರಲ್ಲಿ ಮತ್ತೆ ಶುರುವಾಯಿತು.

ದೊಡ್ಡ ನೆಬುತ ಅಂದರೆ ಅಗಲ ಸುಮಾರು 9 ಮೀಟರ್, ಉದ್ದ 7 ಮೀಟರ್, ಗಾಡಿ ಸೇರಿ ಎತ್ತರ 5 ಮೀಟರ್. ತೂಕ 4 ಟನ್ ಹತ್ತಿರ. ನಮ್ಮ ಕಡೆ ರಥ ಅಂದರೆ ಎತ್ತರಕ್ಕೆ ಹೋಗುತ್ತದೆ ಅಲ್ವಾ, ಅಲ್ಲಿ ಅಡ್ಡಕ್ಕೆ ಬೆಳೆದಿದೆ. ಕಾರಣ ಸರಳ. ಮೇಲೆ ಕರೆಂಟ್ ವೈರು, ಸಿಗ್ನಲ್ಲು, ಪಾದಚಾರಿ ಸೇತುವೆ. ಎತ್ತರಕ್ಕೆ ಹೋಗೋಕೆ ಆಗದೇ ಇದ್ದಿದ್ದಕ್ಕೆ ಕಲಾವಿದರು ಕೈಕಾಲು, ಕತ್ತಿ, ಅಲೆ ಎಲ್ಲಾ ಎಡಕ್ಕೂ ಬಲಕ್ಕೂ ಚಾಚಿದರು. ಈಗ ಅದೇ ಅದರ ಚೆಂದ ಆಗಿಬಿಟ್ಟಿದೆ.

ಕಟ್ಟುವ ಕ್ರಮ ಹೀಗೆ. ಹಬ್ಬ ಮುಗಿದ ಮೇಲೆ ಮುಂದಿನ ವರ್ಷದ ಚಿತ್ರ ಬರೆಯೋಕೆ ಶುರು. ನೆಬುತ ಕಟ್ಟೋದನ್ನೇ ವೃತ್ತಿ ಮಾಡಿಕೊಂಡ ಕಲಾವಿದರಿದ್ದಾರೆ. ಚಳಿಗಾಲದಲ್ಲಿ ಅವರು ಒಳಗೆ ಕೂತು ಮುಖ, ಕೈ, ಕಾಲುಗಳನ್ನು ಬಿಡಿಬಿಡಿಯಾಗಿ ಮಾಡಿಕೊಳ್ಳುತ್ತಾರೆ. ಮೇ ತಿಂಗಳ ಹೊತ್ತಿಗೆ ಸಮುದ್ರದ ಪಕ್ಕ ದೊಡ್ಡ ದೊಡ್ಡ ಟೆಂಟ್ ಶೆಡ್ ಏಳುತ್ತವೆ, ಅಲ್ಲಿ ಜೋಡಣೆ. ಮರದ ಕಂಬಗಳ ಆಧಾರ, ಅದರ ಮೇಲೆ ತಂತಿಯಲ್ಲಿ ಆಕಾರ. ತಂತಿಗೆ ತಂತಿ ಸೇರುವ ಕಡೆ ಬೆಸುಗೆ ಇಲ್ಲ, ಹತ್ತಿ ದಾರ ಸುತ್ತಿ ಕಟ್ಟುತ್ತಾರೆ. ಹಿಂದೆ ತಂತಿಯ ಬದಲು ಬಿದಿರು, ಬಲ್ಬಿನ ಬದಲು ಮೇಣದ ಬತ್ತಿ ಇತ್ತು. ಬಿದಿರು ಹೋಗಿ ತಂತಿ ಬಂದ ಮೇಲೆಯೇ ಮೂಗು, ಬೆರಳಿನ ಗೆಣ್ಣು, ಹುಬ್ಬಿನ ಗಂಟು ಎಲ್ಲಾ ಅಷ್ಟು ನಾಜೂಕಾಗಿ ಬರೋಕೆ ಸಾಧ್ಯ ಆಗಿದ್ದು. ಆಮೇಲೆ ಒಳಗೆ ನೂರಾರು ಬಲ್ಬು ಕಟ್ಟುತ್ತಾರೆ, ಈಗ ಹೆಚ್ಚಾಗಿ ಎಲ್‌ಇಡಿ. ವೈರಿಂಗ್ ಪೂರ್ತಿ ಮುಗಿದ ಮೇಲೇ ಕಾಗದ. ಇದನ್ನ ನೆನಪಿಟ್ಟುಕೊಳ್ಳಿ, ಕಾಗದ ಅಂಟಿಸಿದ ಮೇಲೆ ಒಳಗೆ ಕೈ ಹಾಕೋಕೆ ಆಗಲ್ಲ.

ಕಾಗದ ಅಂಟಿಸೋದೇ ಒಂದು ಪ್ರತ್ಯೇಕ ಕಸುಬು. ತಂತಿಯ ಒಂದೊಂದು ಚೌಕಕ್ಕೂ ತಂತಿಗೆ ಅಂಟು ಸವರಿ, ವಾಷಿ ಅನ್ನುವ ಜಪಾನಿನ ಬಿಳಿ ಕಾಗದ ಇಟ್ಟು, ಅಂಚನ್ನು ತಂತಿಯ ಗೆರೆಗೆ ಸರಿಯಾಗಿ ಕತ್ತರಿಸುತ್ತಾರೆ. ಎಲ್ಲಾ ಮುಗಿದಾಗ ಇಡೀ ಯೋಧ ಬೆಳ್ಳಗೆ ನಿಂತಿರುತ್ತಾನೆ. ಕಣ್ಣಿಲ್ಲ, ಹುಬ್ಬಿಲ್ಲ. ಅದರ ಮೇಲೆ ಕಲಾವಿದರು ಕಪ್ಪು ಶಾಯಿಯಲ್ಲಿ ಗೆರೆ ಎಳೆಯುತ್ತಾರೆ. ಆಮೇಲೆ ಕರಗಿಸಿದ ಮೇಣ, ಕೊನೆಗೆ ಬಣ್ಣ. ಎಲ್ಲಾ ಆದ ಮೇಲೆ ಹತ್ತಾರು ಜನ ಸೇರಿ ಎತ್ತಿ ಚಕ್ರದ ಗಾಡಿಯ ಮೇಲೆ ಕೂರಿಸುತ್ತಾರೆ.

ಮಳೆಗೆ ಅವರು ಏನು ಮಾಡುತ್ತಾರೆ ಗೊತ್ತಾ? ಪಾರದರ್ಶಕ ಪ್ಲಾಸ್ಟಿಕ್ ಹೊದಿಸುತ್ತಾರೆ, ಅಷ್ಟೇ. ಮೆರವಣಿಗೆ ನಡೆಯುತ್ತದೆ. ಹೊಳಪು ಸ್ವಲ್ಪ ಮಂಕಾಗುತ್ತದೆ, ಕುಣಿಯೋರು ಮಾತ್ರ ನೆನೆದುಕೊಂಡೇ ಕುಣಿಯುತ್ತಾರೆ.

ಬೇಲೂರು ಬಸ್, ಹಾಸನ

ಎಲ್ಲಾ ಸರಿ ಗುರು, ಆದರೆ ನಮ್ಮ ಗಣಪನ ಮುಂದೆ ಸಮುರಾಯ್ ಯಾಕೆ? ನಮ್ಮಲ್ಲಿ ಸೋಮನ ಕುಣಿತ ಇದೆ, ಚಿಟ್ಟಿ ಮೇಳ ಇದೆ, ವೀರಗಾಸೆ ಇದೆ. ಅವರನ್ನ ಕರೆಸಿ ಅದೇ ದುಡ್ಡು ಅವರಿಗೆ ಕೊಡಿ. ಕಲಾವಿದರ ಹೊಟ್ಟೆಯೂ ತುಂಬುತ್ತದೆ. ಜಪಾನ್ ಹಬ್ಬ ಜಪಾನಿನಲ್ಲಿ ಇರಲಿ ಬಿಡಿ.

ತೋಟದ ದಾರಿ, ಚಿಕ್ಕಮಗಳೂರು

ಮೇಳ ಬೇಡ ಅಂತ ಯಾರೂ ಹೇಳಿಲ್ಲವಲ್ಲ. ನೆಬುತ ಕೂಡ ಬರೀ ಗಾಡಿಯಲ್ಲ. ಒಂದೊಂದು ಗಾಡಿಗೂ ಹಿಂದೆ ಅದರದೇ ವಾದ್ಯದ ತಂಡ ಇರುತ್ತದೆ: ಸಾಲಾಗಿ ದೊಡ್ಡ ಡೋಲು, ಕೊಳಲು, ಕೈತಾಳ. ಗಾಡಿಯ ಮುಂದೆ ಹನೆತೊ ಅನ್ನುವ ಕುಣಿಯೋರು ‘ರಸ್ಸೆರಾ, ರಸ್ಸೆರಾ’ ಅಂತ ಕೂಗುತ್ತಾ ಒಂದೊಂದು ಕಾಲಲ್ಲಿ ಎರಡೆರಡು ಸಲ ಕುಪ್ಪಳಿಸುತ್ತಾ ಹೋಗುತ್ತಾರೆ. ನೋಡೋಕೆ ಸುಲಭ. ನಾನು ಅರ್ಧ ರಸ್ತೆಗೇ ಸುಸ್ತಾಗಿ ಪಕ್ಕಕ್ಕೆ ಬಂದೆ. ಹನೆತೊ ಆಗೋಕೆ ಆ ಊರಿನವರೇ ಆಗಬೇಕಿಲ್ಲ, ಹೆಸರು ಬರೆಸಬೇಕಿಲ್ಲ. ಹೂವಿನ ಟೋಪಿ ಸಮೇತ ಆ ಉಡುಪು ಸರಿಯಾಗಿ ತೊಟ್ಟು ಹೋಗಿ ಸೇರಿಕೊಂಡರೆ ಆಯಿತು. ಬಾಡಿಗೆಗೂ ಸಿಗುತ್ತದೆ. ಬಟ್ಟೆಗೆ ಸಣ್ಣ ಸಣ್ಣ ಗೆಜ್ಜೆ ಸಿಕ್ಕಿಸಿರುತ್ತಾರೆ, ಕುಣಿಯುವಾಗ ಉದುರುತ್ತವೆ. ರಸ್ತೆಯಲ್ಲಿ ಬಿದ್ದ ಗೆಜ್ಜೆ ಸಿಕ್ಕಿದರೆ ಅದೃಷ್ಟ ಅಂತ ಮಕ್ಕಳೆಲ್ಲ ಬಗ್ಗಿಕೊಂಡೇ ಓಡಾಡುತ್ತಿರುತ್ತವೆ.

ಇನ್ನು ಸಮುರಾಯ್ ವಿಷಯ. ನೆಬುತಕ್ಕೆ ಇಂಥದ್ದೇ ಕಥೆ ಅಂತ ಇಲ್ಲ. ಅವರ ಪುರಾಣ, ಇತಿಹಾಸ, ಕಬುಕಿ ನಾಟಕ, ಅಷ್ಟೇ ಏಕೆ, ಚೀನಾದ ಹಳೇ ಕಥೆಗಳ ವೀರರೂ ಬರುತ್ತಾರೆ. ನೀವು ನಿಮಗೆ ಬೇಕಾದ್ದು ಮಾಡಿ. ಕಟ್ಟುವ ವಿಧಾನ ಮಾತ್ರ ಅಲ್ಲಿಂದ ತರೋದು.

ಡ್ರಾಯಿಂಗ್ ಮೇಷ್ಟ್ರು, ಹಾಸನ

ಮೇಲಿನ ಮಾತು ಓದಿ ಸುಮ್ನೆ ಇರೋಕಾಗಲಿಲ್ಲ. ಹುಡುಗರಾ, ನಿಮ್ಮ ಊರಿನ ಪಕ್ಕದಲ್ಲೇ ಹುಟ್ಟಾ ನೆಬುತ ಒಂದಿದೆ. ಸಳ ಹುಲಿಯನ್ನು ಹೊಡೆಯುವ ಹೊಯ್ಸಳ ಲಾಂಛನ! ಬೇಲೂರಿಗೆ ಹೋದಾಗ ಬಾಗಿಲಲ್ಲೇ ನೋಡಿರುತ್ತೀರಿ. ಒಬ್ಬ ವೀರ, ಮೈಮೇಲೆ ಬೀಳುತ್ತಿರುವ ಒಂದು ಮೃಗ, ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಅಡ್ಡಕ್ಕೆ ಚಾಚಿಕೊಂಡಿರೋದು. ನಾನು ನೋಡಿದ ನೆಬುತ ಚಿತ್ರಗಳಲ್ಲಿ ಅರ್ಧಕ್ಕರ್ಧ ಇದೇ ಜೋಡಣೆ. ಕಲ್ಲಿನಲ್ಲಿ ಅದರ ಬಾಯಿ, ಉಗುರು, ಕೇಸರ ಎಲ್ಲಾ ಸುರುಳಿ ಸುರುಳಿಯಾಗಿ ಬಿಡಿಸಿದ್ದಾರೆ. ಆ ಸುರುಳಿಗಳು ತಂತಿಗೆ ಹೇಳಿ ಮಾಡಿಸಿದ ಹಾಗಿವೆ.

ಹಿಂಬದಿ ಖಾಲಿ ಬಿಡಬೇಡಿ. ಅಓಮೊರಿಯ ಪಕ್ಕದಲ್ಲಿ ಹಿರೊಸಾಕಿ ಅನ್ನುವ ಊರಿದೆ, ಅಲ್ಲಿನ ಗಾಡಿಗಳು ಬೀಸಣಿಗೆ ಆಕಾರದವು. ಮುಂಬದಿಯಲ್ಲಿ ಯುದ್ಧದ ಚಿತ್ರ, ಹಿಂಬದಿಯಲ್ಲಿ ಹೆಚ್ಚಾಗಿ ಒಬ್ಬ ಸುಂದರಿ. ಮೆರವಣಿಗೆ ದಾಟಿ ಹೋಗುವಾಗ ಜನಕ್ಕೆ ಕಾಣೋದು ಆ ಹಿಂಬದಿ ತಾನೇ. ನೀವು ಅಲ್ಲಿ ದರ್ಪಣ ಸುಂದರಿ ಬರೆಯಿರಿ. ಅದನ್ನ ಉಬ್ಬು ಮಾಡಬೇಕಾಗಿಯೂ ಇಲ್ಲ, ಚಪ್ಪಟೆ ಚೌಕಟ್ಟಿಗೆ ಕಾಗದ ಬಿಗಿದು ಚಿತ್ರ ಬರೆದರೆ ಸಾಕು. ಗೋಡೆ ಬರಹದ ಹುಡುಗನಿಗೆ ಕೆಲಸ ಸಿಕ್ಕಿತು.

ಮೇಣದ ವಿಚಾರ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಅಸಲಿ ಗುಟ್ಟು ಅಲ್ಲಿದೆ. ಕಪ್ಪು ಶಾಯಿ ಒಣಗಿದ ಮೇಲೆ ಪ್ಯಾರಾಫಿನ್ ಮೇಣ ಕರಗಿಸಿ ಬ್ರಷ್‌ನಲ್ಲಿ ಕಾಗದದ ಮೇಲೆ ಎಳೆಯೋದು. ಮೇಣ ಕಾಗದದೊಳಗೆ ಇಳಿಯುತ್ತದೆ. ಅದರಿಂದ ಎರಡು ಲಾಭ. ಒಂದು, ಪಕ್ಕದ ಬಣ್ಣ ಆ ಗೆರೆ ದಾಟಿ ಹರಡಲ್ಲ, ಬಟ್ಟೆಗೆ ಮೇಣ ಹಚ್ಚಿ ಬಣ್ಣ ಹಾಕುವ ಬಾಟಿಕ್ ಮಾಡುವಾಗ ಆಗುತ್ತದಲ್ಲ ಹಾಗೆ. ಇನ್ನೊಂದು, ಮೇಣ ಕುಡಿದ ಜಾಗ ತೆಳುವಾಗಿ ಕಂಡು ಬೆಳಕು ಅಲ್ಲಿಂದ ಜಾಸ್ತಿ ಹೊರಗೆ ಬರುತ್ತದೆ. ಹಗಲಲ್ಲಿ ಅದು ಎಣ್ಣೆ ಕಲೆ ಬಿದ್ದ ಕಾಗದ, ಅಷ್ಟೇ. ರಾತ್ರಿ ಒಳಗೆ ದೀಪ ಹಾಕಿದ ಕೂಡಲೇ ಆ ಗೆರೆ ಬೆಳ್ಳಗೆ ಉರಿಯುತ್ತದೆ. ಬಟ್ಟೆಯ ಹೂವು, ಹುಲಿಯ ಪಟ್ಟೆ, ಮೀಸೆಯ ಅಂಚು ಎಲ್ಲಾ ಹೀಗೇ ಮೂಡಿಸೋದು. ಪಕ್ಕದಲ್ಲಿ ಕಪ್ಪು ಗೆರೆ ದಪ್ಪ ಇದ್ದಷ್ಟೂ ಬೆಳಕು ಇನ್ನೂ ಜೋರಾಗಿ ಕಾಣುತ್ತದೆ. ಕಪ್ಪಿಗೆ ಹೆದರಬೇಡಿ. ಹೊಸಬರು ಮಾಡುವ ಕಾಗದದ ದೀಪ ಪೇಲವವಾಗಿ ಕಾಣೋದು ಕಪ್ಪು ಕಡಿಮೆಯಾಗಿ.

ಮೇಣವನ್ನು ನೇರ ಬೆಂಕಿಯ ಮೇಲೆ ಇಡಬೇಡಿ, ನೀರು ತುಂಬಿದ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಬಣ್ಣಕ್ಕೆ ಪೋಸ್ಟರ್ ಕಲರ್ ಬೇಡ, ಅದು ಬೆಳಕು ತಡೆಯುತ್ತದೆ. ನೀರಿನಲ್ಲಿ ಕರಗುವ, ಆಚೆ ಕಡೆ ಕಾಣುವಂಥ ಡೈ ಬಣ್ಣ ಬೇಕು.

ಪೆಂಡಾಲ್ ಹುಡುಗ, ಹಾಸನ

ಮೇಷ್ಟ್ರೇ, ಸಳ ಅಂದ ಕೂಡಲೇ ಇಲ್ಲಿ ಎಲ್ಲರೂ ಎದ್ದು ಕೂತಿದ್ದಾರೆ. ಅದೇ ಮಾಡೋಣ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಆಗಲೇ ತೀರ್ಮಾನ. ಬೇಲೂರು ಬಸ್ ಅಣ್ಣಾ, ಚಿಟ್ಟಿ ಮೇಳಕ್ಕೂ ಹೇಳುತ್ತೇವೆ, ಡಿಜೆ ದುಡ್ಡು ಉಳಿಯುತ್ತದಲ್ಲ. ಗೊತ್ತಿರೋ ತಂಡ ಇದ್ದರೆ ತಿಳಿಸಿ.

ಎರಡು ಅನುಮಾನ. ಕಾಗದ ಯಾವುದು? ಇಲ್ಲಿ ವಾಷಿ ಎಲ್ಲಿ ಸಿಗಬೇಕು. ಗಾಳಿಪಟದ ಕಾಗದ ನಡೆಯುತ್ತದಾ? ಇನ್ನೊಂದು, ತಂತಿ. ಬಾರ್ ಬೆಂಡರ್ ಹುಡುಗ ಬೈಂಡಿಂಗ್ ವೈರ್ ಸಾಕು ಅನ್ನುತ್ತಿದ್ದಾನೆ.

ಡ್ರಾಯಿಂಗ್ ಮೇಷ್ಟ್ರು, ಹಾಸನ

ಗಾಳಿಪಟದ ಕಾಗದ ಬೇಡವೇ ಬೇಡ. ಅಂಟು ತಾಗಿದರೆ ಹರಿಯುತ್ತದೆ, ಥಂಡಿ ಹಿಡಿದರೆ ಜೋಲುತ್ತದೆ. ವಾಷಿಯ ನಾರು ಉದ್ದ, ಅದಕ್ಕೇ ತೆಳ್ಳಗಿದ್ದರೂ ಗಟ್ಟಿ. ಕೈಕಾಗದದಲ್ಲಿ ತೆಳು ಬಿಳಿ ಹಾಳೆ ಸಿಕ್ಕಿದರೆ ಅದನ್ನ ತನ್ನಿ. ಸಿಗದಿದ್ದರೆ ಟೈಲರ್‌ಗಳು ಕಾಲರ್ ಒಳಗೆ ಇಡುವ ಕ್ಯಾನ್ವಾಸ್ ಇದೆಯಲ್ಲ, ಅದರಲ್ಲೇ ತೀರಾ ತೆಳುವಾದ, ಬಟ್ಟೆಯ ಹಾಗೆ ನೇಯದ ಬಿಳಿ ಜಾತಿ ಒಂದು ಬರುತ್ತದೆ. ಅಂಟು ಹಿಡಿಯುತ್ತದೆ, ಬೆಳಕು ಬಿಡುತ್ತದೆ, ನೆನೆದರೂ ಹರಿಯಲ್ಲ. ಬಣ್ಣ, ಮೇಣ ಕಾಗದದಷ್ಟು ಚೆನ್ನಾಗಿ ಹೀರಲ್ಲ, ಅಷ್ಟು ಲೋಪ ಇದೆ. ಒಂದು ಚೌಕ ಮಾಡಿ ಪರೀಕ್ಷೆ ಮಾಡಿ ಆಮೇಲೆ ಥಾನು ತನ್ನಿ.

ಬೈಂಡಿಂಗ್ ವೈರ್ ಮೆತ್ತಗಾಯಿತು, ಒಂದೇ ಕೈ ತಾಗಿದರೆ ಸಳನ ಮೂಗು ಒಳಗೆ ಹೋಗುತ್ತದೆ. ಆಕಾರಕ್ಕೆ ಸ್ವಲ್ಪ ಗಟ್ಟಿ ಜಿಐ ತಂತಿ ತಗೊಳ್ಳಿ, ಕಟ್ಟೋಕೆ ಬೈಂಡಿಂಗ್ ವೈರ್ ಬದಲು ದಾರ. ಬೈಂಡಿಂಗ್ ವೈರ್‌ನ ಗಂಟಿನ ಮೊನೆ ಕಾಗದ ಚುಚ್ಚುತ್ತದೆ, ದಾರದಲ್ಲಿ ಆ ತೊಂದರೆ ಇಲ್ಲ. ಎಲ್ಲಾ ಕಡೆ ತಂತಿಯೇ ಬೇಕಿಲ್ಲ. ಸಳನ ಬೆನ್ನು, ಹುಲಿಯ ಹೊಟ್ಟೆ ಥರದ ದೊಡ್ಡ ಬಾಗುಗಳಿಗೆ ಬಿದಿರಿನ ದಬ್ಬೆ ಸೀಳಿ ಬಗ್ಗಿಸಿ. ಆಕಾಶಬುಟ್ಟಿ ಕಟ್ಟಿ ಗೊತ್ತಿರೋರು ನಿಮ್ಮ ಮನೆಯಲ್ಲೇ ಇರುತ್ತಾರೆ, ಇದು ಅದರ ದೊಡ್ಡಣ್ಣ ಅಷ್ಟೇ. ಮನೆ ಹೆಂಗಸರನ್ನ ಬರೀ ರಂಗೋಲಿಗೆ ಕರೆಯಬೇಡಿ, ಕಾಗದ ಕತ್ತರಿಸೋಕೆ ಕರೆಯಿರಿ. ಅಓಮೊರಿಯಲ್ಲಿ ಕಾಗದ ಅಂಟಿಸೋದರಲ್ಲಿ ಹೆಂಗಸರು ಮೊದಲಿನಿಂದಲೂ ಇದ್ದಾರೆ. ಆದರೆ ಗಾಡಿಗೆ ಹೆಸರು ಹಾಕಿಕೊಳ್ಳುವ ಮುಖ್ಯ ಕಲಾವಿದರ ಸಾಲಿಗೆ ಮೊದಲ ಹೆಣ್ಣುಮಗಳು ಬಂದದ್ದು 2012ರಲ್ಲಿ, ಕಿತಮುರ ಅಸಾಕೊ. ಅವರ ತಂದೆಯೂ ಅದೇ ಕೆಲಸದಲ್ಲಿ ದೊಡ್ಡ ಹೆಸರು.

ವೈರ್‌ಮ್ಯಾನ್, ಹಾಸನ

ಕಲೆ ಗಿಲೆ ನೀವು ನೋಡಿಕೊಳ್ಳಿ, ನಾನು ಕರೆಂಟ್ ಮಾತಾಡುತ್ತೇನೆ. ಪೆಂಡಾಲ್, ಮೆರವಣಿಗೆ ಲೈಟಿಂಗ್ ಕೆಲಸ ಮಾಡಿ ಕೂದಲು ಬೆಳ್ಳಗಾಗಿದೆ.

ಮೊದಲು ಎತ್ತರ. ರಸ್ತೆ ದಾಟುವ ಎಲ್‌ಟಿ ಲೈನ್, ಅಂದರೆ ಮನೆಗಳಿಗೆ ಕರೆಂಟ್ ಕೊಡುವ ಲೈನ್, ನಿಯಮದ ಪ್ರಕಾರ 5.8 ಮೀಟರ್ ಮೇಲಿರಬೇಕು. ಅದನ್ನ ನಂಬಿಕೊಂಡು ಹೊರಡಬೇಡಿ. ಲೈನ್ ಅಲ್ಲ ತೊಂದರೆ, ಅದರ ಕೆಳಗೆ ಜೋತಾಡುವ ಕೇಬಲ್ ಟಿವಿ ವೈರು, ಇಂಟರ್ನೆಟ್ ವೈರು, ಮನೆಗೆ ಎಳೆದ ಸರ್ವಿಸ್ ವೈರು. ಅಡ್ಡರಸ್ತೆಗಳಲ್ಲಿ ಕೈಗೆ ಸಿಗುವ ಹಾಗಿರುತ್ತವೆ. ಟ್ರೈಲರ್ ತಳವೇ ಮೂರು ಮೂರೂವರೆ ಅಡಿ. ಮೇಲೆ ಸಳ 7 ಅಡಿ ಅಂದರೆ ಹತ್ತೂವರೆ. ಅಲ್ಲಿಗೆ ನಿಲ್ಲಿಸಿ. ಇನ್ನೂ ದೊಡ್ಡದು ಬೇಕು ಅನ್ನಿಸಿದರೆ ಮೇಷ್ಟ್ರು ಹೇಳಿದ ಹಾಗೆ ಅಡ್ಡಕ್ಕೆ ಚಾಚಿ. ಮೆರವಣಿಗೆ ದಾರಿಯಲ್ಲಿ ಒಂದು ದಿನ ಮುಂಚೆ ಕೋಲು ಹಿಡಿದು ನಡೆದು ಬನ್ನಿ, ಎಲ್ಲಿ ತಗ್ಗು ಅಂತ ಬರೆದುಕೊಳ್ಳಿ.

ಮೆರವಣಿಗೆಯಲ್ಲಿ ಒಬ್ಬ ಹುಡುಗ ಗಾಡಿ ಮೇಲೆ ನಿಂತು ಬಿದಿರು ಕೋಲಿನಲ್ಲಿ ವೈರ್ ಎತ್ತುತ್ತಾನಲ್ಲ, ಅದನ್ನ ದಯವಿಟ್ಟು ಮಾಡಿಸಬೇಡಿ. ಹಸಿ ಬಿದಿರು, ಮಳೆ ನೀರು, ಮೇಲೆ ಲೈನು. ಬೇಡ. ನೇರ ವಿದ್ಯುತ್ ಕಚೇರಿಗೆ ಅರ್ಜಿ ಕೊಟ್ಟು, ಗಾಡಿ ದಾಟುವ ಹೊತ್ತಿಗೆ ಆ ಬೀದಿ ಲೈನ್ ಆಫ್ ಮಾಡಿಸಿ.

ಒಳಗಿನ ದೀಪ: 9 ವ್ಯಾಟ್ ಎಲ್‌ಇಡಿ ಬಲ್ಬ್ 60 ಹಾಕಿದರೂ 540 ವ್ಯಾಟ್. ಸಣ್ಣ ಜನರೇಟರ್ ಸಾಕು. ಸೀರಿಯಲ್ ಸೆಟ್ ಒಳಗೆ ತುರುಕಬೇಡಿ, ಚುಕ್ಕಿ ಚುಕ್ಕಿ ಕಾಣುತ್ತದೆ. ಹ್ಯಾಲೊಜನ್ ಅಂತೂ ಹತ್ತಿರಕ್ಕೂ ಬೇಡ, ಮೇಣ ಸವರಿದ ಕಾಗದ ಅದು. ಬಲ್ಬ್ ಕಾಗದದಿಂದ ಒಂದು ಗೇಣಾದರೂ ದೂರ ಇರಲಿ, ಆಗಲೇ ಬೆಳಕೂ ಸಮನಾಗಿ ಹರಡೋದು. ಎರಡು ಮೂರು ಸರ್ಕ್ಯೂಟ್ ಮಾಡಿ, ಒಂದು ಹೋದರೂ ಅರ್ಧ ಗಾಡಿ ಉಳಿಯುತ್ತದೆ. ಶಾರ್ಟ್ ಆದರೆ ತಾನೇ ಆಫ್ ಆಗುವ ಎಂಸಿಬಿ ಸ್ವಿಚ್ ಹಾಕಿ. ಕಾಗದ ಅಂಟಿಸುವ ಮುಂಚೆ ಒಂದು ರಾತ್ರಿಯಿಡೀ ಉರಿಸಿ ನೋಡಿ. ಹೊಟ್ಟೆಯ ಕೆಳಗೆ ಕೈ ಹೋಗುವಷ್ಟು ಒಂದು ಬಾಗಿಲು ಬಿಡಿ. ಟ್ರೈಲರ್‌ನಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಒಂದು, ಮರಳಿನ ಬಕೆಟ್ ಎರಡು.

ತೋಟದ ದಾರಿ, ಚಿಕ್ಕಮಗಳೂರು

ವೈರ್‌ಮ್ಯಾನ್ ಸಾರ್ ಮಾತಿಗೆ ಜಪಾನಿನದೇ ಒಂದು ಉದಾಹರಣೆ ಇದೆ. ಅಓಮೊರಿ ಜಿಲ್ಲೆಯಲ್ಲೇ ಗೊಶೊಗವಾರ ಅಂತ ಇನ್ನೊಂದು ಊರು. ಅಲ್ಲಿ ನೂರು ವರ್ಷದ ಹಿಂದೆ ನೆಟ್ಟಗೆ ನಿಲ್ಲುವ, ಮನೆಗಳಿಗಿಂತ ಎತ್ತರದ ಗಾಡಿಗಳಿದ್ದವು. ಊರಿಗೆ ಕರೆಂಟ್ ಬಂತು, ರಸ್ತೆ ಮೇಲೆ ತಂತಿ ಬಂತು, ಗಾಡಿಗಳು ಕುಳ್ಳಾದವು. ಹೀಗೆ ದಶಕಗಳ ಕಾಲ ಆ ಎತ್ತರದ್ದು ಮರೆತೇ ಹೋಗಿತ್ತು. 1990ರ ದಶಕದಲ್ಲಿ ಅದರ ಹಳೇ ನಕ್ಷೆ, ಫೋಟೊ ಸಿಕ್ಕಿ ಊರಿನವರೇ ಸೇರಿ ಮತ್ತೆ ಕಟ್ಟಿದರು. 1998ರಿಂದ ಅದು ಹಬ್ಬವಾಗಿ ವಾಪಸ್ ಬಂದಿದೆ. ಸುಮಾರು 23 ಮೀಟರ್ ಎತ್ತರ, 19 ಟನ್. ಅದು ಓಡಾಡಲಿ ಅಂತ ಮೆರವಣಿಗೆ ದಾರಿಯ ವೈರುಗಳನ್ನೇ ನೆಲದಡಿಗೆ ಹಾಕಿದರು! ಅದನ್ನ ಇಟ್ಟಿರುವ ಕಟ್ಟಡಕ್ಕೆ ಅಷ್ಟೇ ಎತ್ತರದ ಬಾಗಿಲಿದೆ, ಹಬ್ಬದ ದಿನ ಅದು ತೆರೆದು ಗಾಡಿ ಹೊರಗೆ ಬರುತ್ತದೆ. ಅಲ್ಲಿನ ಕೂಗು ಬೇರೆ, ‘ಯತ್ತೆಮರೆ, ಯತ್ತೆಮರೆ’. ಅದು ಆಗಸ್ಟ್ 4ರಿಂದ 8. ನಮ್ಮ ಹಾಸನ ಚಿಕ್ಕಮಗಳೂರಲ್ಲಿ ಗಣಪತಿಗೋಸ್ಕರ ಬಿ.ಎಂ. ರಸ್ತೆ ವೈರ್ ನೆಲದಡಿಗೆ ಹಾಕಿಸೋ ಕಾಲ ಬರೋವರೆಗೆ 7 ಅಡಿಯಲ್ಲೇ ಇರಿ.

ಇನ್ನೊಂದು ಹೇಳಬೇಕು ಅನ್ನಿಸಿತು. ಬೆಳಕಿನಷ್ಟೇ ಮುಖ್ಯ ಆ ಗಾಡಿಯ ಚಲನೆ. ಅಲ್ಲಿ ಟ್ರ್ಯಾಕ್ಟರ್ ಇಲ್ಲ. ಜನರೇ ತಳ್ಳಿ ಎಳೆಯೋದು. ಮುಂದೆ ಒಬ್ಬರು ಬೀಸಣಿಗೆ ಹಿಡಿದು ಸೀಟಿ ಊದುತ್ತಾ ಸನ್ನೆ ಮಾಡುತ್ತಾರೆ. ನಾನು ನಿಂತಿದ್ದ ಮೂಲೆಗೆ ಬಂದಾಗ ಸೀಟಿ ಊದಿದ್ದೇ ತಡ, ಅಷ್ಟು ದೊಡ್ಡ ಗಾಡಿ ನಮ್ಮ ಕಡೆಗೆ ತಿರುಗಿತು. ಮುಂದಿನ ಅಂಚು ಕೆಳಗೆ ಬಗ್ಗಿತು. ಆ ರಾಕ್ಷಸನ ಮುಖ ನನ್ನ ಮುಖದ ಮೇಲೆ ಬಂದ ಹಾಗಾಯಿತು, ಹುಬ್ಬಿನ ಕಪ್ಪು ಗೆರೆಯಲ್ಲಿ ಬ್ರಷ್‌ನ ಎಳೆಗಳೂ ಕಾಣುತ್ತಿದ್ದವು. ಪಕ್ಕದಲ್ಲಿದ್ದ ಮಗು ಕಿರುಚಿಕೊಂಡು ಅಪ್ಪನ ಕಾಲು ತಬ್ಬಿಕೊಂಡಿತು. ಟ್ರ್ಯಾಕ್ಟರ್ ಕಟ್ಟಿದರೆ ಇದು ಸಿಗಲ್ಲ, ಅದು ಸುಮ್ನೆ ಮುಂದೆ ಹೋಗುತ್ತದೆ ಅಷ್ಟೇ. ನಿಮ್ಮದು ಹಗುರ ಇರುತ್ತದೆ. ಮುಖ್ಯ ಸರ್ಕಲ್‌ಗಳಲ್ಲಾದರೂ ಟ್ರ್ಯಾಕ್ಟರ್ ಬಿಚ್ಚಿ ಹುಡುಗರ ಕೈಯಲ್ಲಿ ತಿರುಗಿಸಿ. ಎನ್.ಆರ್. ಸರ್ಕಲ್ಲಿನಲ್ಲಿ ಹುಲಿ ಜನರ ಕಡೆ ತಿರುಗಿದರೆ ಹೇಗಿರುತ್ತದೆ ಯೋಚನೆ ಮಾಡಿ.

ಬೇಲೂರು ಬಸ್, ಹಾಸನ

ಸಳ ಅಂದ ಮೇಲೆ ನನ್ನ ತಕರಾರಿಲ್ಲ. ಆದರೆ ಒಂದು ಮಾತು. ಗಣಪತಿ ಮೂರ್ತಿ ಈ ಕಾಗದದ ಗಾಡಿಯಲ್ಲಿ ಬೇಡ. ದೇವರ ಮುಂದೆ ಆರತಿ, ಕರ್ಪೂರ ಎಲ್ಲಾ ಇರುತ್ತದೆ. ಪಟಾಕಿಯನ್ನೂ ಈ ಗಾಡಿಯಿಂದ ದೂರ ಇಡಿ. ಮುಂದೆ ಸಳ, ನಡುವೆ ಮೇಳ, ಹಿಂದೆ ಗಣಪ. ಮತ್ತೆ ಬಿಟ್ಟ ಮೇಲೆ ಸಳನನ್ನೂ ಕೆರೆಗೆ ಹಾಕಬೇಡಿ ಮಾರಾಯ್ರೇ, ಮೇಣ, ಬಣ್ಣ, ತಂತಿ ಎಲ್ಲಾ ನೀರಿಗೆ.

ಕುಡಿದು ಬಂದು ಗಾಡಿ ಹತ್ತೋರನ್ನ ಏನು ಮಾಡುತ್ತೀರಿ ಅಂತಲೂ ಈಗಲೇ ಯೋಚಿಸಿ. ಕಾಗದಕ್ಕೆ ಒಂದು ಕೈ ಸಾಕು.

ತೋಟದ ದಾರಿ, ಚಿಕ್ಕಮಗಳೂರು

ಆ ರಗಳೆ ಅಲ್ಲೂ ಇತ್ತು. ಒಂದು ಕಾಲದಲ್ಲಿ ಕಪ್ಪು ಬಟ್ಟೆ ಹಾಕಿಕೊಂಡ ಹುಡುಗರ ಗುಂಪುಗಳು ನುಗ್ಗಿ, ಕುಡಿದು, ಜಗಳ ತೆಗೆದು ಹಬ್ಬದ ಹೆಸರೇ ಕೆಡುವ ಹಾಗಾಗಿತ್ತು. ಅವರಿಗೆ ಕಾಗೆ ಹನೆತೊ ಅಂತಲೇ ಹೆಸರು. ಅವರು ಮೆರವಣಿಗೆಯ ಬಾಲದಲ್ಲಿ ಗುಂಪು ಕಟ್ಟುತ್ತಿದ್ದರು. ಕೊನೆಗೆ ಮೆರವಣಿಗೆಗೆ ಬಾಲವೇ ಇಲ್ಲದ ಹಾಗೆ, ಗಾಡಿಗಳನ್ನು ದಾರಿಯುದ್ದಕ್ಕೂ ಮೊದಲೇ ನಿಲ್ಲಿಸಿ ಒಟ್ಟಿಗೇ ಹೊರಡಿಸುವ ಕ್ರಮ ತಂದರು. ಸರಿಯಾದ ಉಡುಪಿಲ್ಲದೆ ಕುಣಿಯೋಕೆ ಬಿಡೋದೂ ಇಲ್ಲ. ನೀವು ಹಾಗೇ ಮಾಡಿ, ಗಾಡಿ ಸುತ್ತ ಹಗ್ಗ ಹಿಡಿದು ನಿಮ್ಮದೇ ಸಮಿತಿ ಅಂಗಿ ತೊಟ್ಟವರು ಮಾತ್ರ.

ಹಬ್ಬ ಮುಗಿದ ಮೇಲೆ ಅವರೂ ನೀರಿಗೆ ಎಸೆಯಲ್ಲ. 7ನೇ ತಾರೀಖು ರಾತ್ರಿ ಬಹುಮಾನ ಬಂದ ಗಾಡಿಗಳನ್ನು ದೋಣಿ ಮೇಲಿಟ್ಟು ಕೊಲ್ಲಿಯಲ್ಲಿ ತಿರುಗಿಸುತ್ತಾರೆ, ಮೇಲೆ ಪಟಾಕಿ. ಆಮೇಲೆ ಹೆಚ್ಚಿನವನ್ನು ಬಿಚ್ಚಿಬಿಡುತ್ತಾರೆ. ಕೆಲವು ಮಾತ್ರ ರೈಲ್ವೆ ಸ್ಟೇಷನ್ ಪಕ್ಕದ ವಾ ರಸ್ಸೆ ಮ್ಯೂಸಿಯಂಗೆ ಹೋಗುತ್ತವೆ. 2011ರಲ್ಲಿ ಶುರುವಾದ ಮ್ಯೂಸಿಯಂ ಅದು, ಕತ್ತಲೆ ಹಾಲ್‌ನಲ್ಲಿ ಗಾಡಿಗಳು ಬೆಳಗುತ್ತಿರುತ್ತವೆ. ಹಬ್ಬದ ಸಮಯಕ್ಕೆ ಹೋಗೋಕೆ ಆಗದವರು ಅಲ್ಲಿ ಹತ್ತಿರದಿಂದ ನೋಡಬಹುದು.

ಜೋಳದಾಳ್, ಚಿಕ್ಕಮಗಳೂರು

ನಡುವೆ ಬಾಯಿ ಹಾಕುತ್ತಿದ್ದೇನೆ. ಇದನ್ನೆಲ್ಲ ಓದಿ ನಮ್ಮ ಮನೆಯವರಿಗೆ ಅಲ್ಲಿಗೇ ಹೋಗಬೇಕಂತೆ. ಕಾಫಿ ರೇಟು ಹೀಗೇ ಇದ್ದರೆ ಮುಂದಿನ ವರ್ಷ ನೋಡೋಣ ಅಂದಿದ್ದೇನೆ. ಹೋಗೋದು ಹೇಗೆ?

ತೋಟದ ದಾರಿ, ಚಿಕ್ಕಮಗಳೂರು

ಹೋಗಿ ಬನ್ನಿ ಮಾರಾಯ್ರೇ, ದುಡ್ಡು ಇದ್ದಾಗಲೇ ಹೋಗಬೇಕು. ಟೋಕಿಯೊದಿಂದ ಹಯಾಬುಸಾ ಬುಲೆಟ್ ಟ್ರೈನಿನಲ್ಲಿ ಶಿನ್ ಅಓಮೊರಿಗೆ ಮೂರು ಗಂಟೆ ಚಿಲ್ಲರೆ, ಅಲ್ಲಿಂದ ಲೋಕಲ್ ರೈಲಿನಲ್ಲಿ ಒಂದೇ ಸ್ಟೇಷನ್. ಹಯಾಬುಸಾದಲ್ಲಿ ಎಲ್ಲಾ ಸೀಟೂ ರಿಸರ್ವ್. ಹಬ್ಬದ ವಾರ ಊರಿನಲ್ಲಿ ರೂಮ್ ಸಿಗೋದು ಕಷ್ಟ, ಬಹಳ ಮುಂಚೆ ಬುಕ್ ಮಾಡಿ, ಇಲ್ಲದಿದ್ದರೆ ಹಿರೊಸಾಕಿಯಲ್ಲಿ ಉಳಿದು ರೈಲಿನಲ್ಲಿ ಬನ್ನಿ. ಹಿರೊಸಾಕಿ ಹಬ್ಬ ಆಗಸ್ಟ್ 1ರಿಂದ 7, ಗೊಶೊಗವಾರದ್ದು ಆಗಲೇ ಹೇಳಿದೆ. ಹಾಗಾಗಿ 4, 5, 6 ಅಲ್ಲಿದ್ದರೆ ಮೂರೂ ಊರಿನದು ನೋಡಬಹುದು. ಹೋಗುವಾಗ ಅಕಿತ ಅನ್ನುವ ಊರಿನ ದಾರಿ ಹಿಡಿದು 3ಕ್ಕೆ ಅಲ್ಲಿ ಇಳಿದರೆ ಇನ್ನೊಂದು ಹಬ್ಬ ಸಿಗುತ್ತದೆ, ಅದು ಆಗಸ್ಟ್ 3ರಿಂದ 6. 12 ಮೀಟರ್ ಬಿದಿರಿಗೆ 46 ದೀಪ ಕಟ್ಟಿ, ಸುಮಾರು 50 ಕೆಜಿ ತೂಕದ್ದನ್ನು ಒಬ್ಬನೇ ಅಂಗೈ, ಹೆಗಲು, ಸೊಂಟ, ಹಣೆ ಮೇಲೆ ನಿಲ್ಲಿಸುತ್ತಾನೆ. ಊಟ ಸಸ್ಯಾಹಾರಿಗಳಿಗೆ ಕಷ್ಟ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಮರೆಯಬೇಡಿ.

ಪೆಂಡಾಲ್ ಹುಡುಗ, ಹಾಸನ

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ನಿನ್ನೆ ಸಂಜೆ ಸಮಿತಿಯ ಹಿರಿಯರಿಗೆ ಎಲ್ಲಾ ಓದಿ ಹೇಳಿದೆ. ಸಾಮಾನಿಗೆ ದುಡ್ಡು ಒಪ್ಪಿದರು. ಶೆಡ್ ಒಂದು ಸಿಕ್ಕಿದೆ, ಹಳೇ ಆಲೂಗಡ್ಡೆ ಗೋಡೌನ್. ಬಾಗಿಲು 9 ಅಡಿ, ಹಾಗಾಗಿ ಸಳನನ್ನು ಹೊರಗೆ ತಂದ ಮೇಲೇ ಟ್ರೈಲರ್‌ಗೆ ಏರಿಸಬೇಕು, ಜಪಾನಿನವರು ಮಾಡುವ ಹಾಗೆ. ಬಾಗಿಲಿನ ಅಗಲವನ್ನ ಇವತ್ತು ಅಳತೆ ಮಾಡಿ ಬರುತ್ತೇವೆ, ಹುಲಿ ಎಷ್ಟು ಅಡ್ಡಕ್ಕೆ ಚಾಚಬಹುದು ಅನ್ನೋದು ಅದರ ಮೇಲೆ ನಿಂತಿದೆ.

ಮೇಷ್ಟ್ರೇ, ಭಾನುವಾರ ಬೇಲೂರಿಗೆ ಹೋಗಿ ಲಾಂಛನದ ಫೋಟೊ ತೆಗೆಯುತ್ತೇವೆ, ಮುಂಬದಿ, ಪಕ್ಕ, ಹಿಂಬದಿ ಮೂರೂ. ನೀವೂ ಬರುತ್ತೀರಾ? ಬೈಕ್‌ನಲ್ಲಿ ಹಿಂದೆ ಜಾಗ ಇದೆ.

ಡ್ರಾಯಿಂಗ್ ಮೇಷ್ಟ್ರು, ಹಾಸನ

ಬೈಕ್ ಬೇಡಪ್ಪಾ, ಸೊಂಟ ಸರಿಯಿಲ್ಲ. ಬಸ್ಸಿನಲ್ಲಿ ಬರುತ್ತೇನೆ, ಒಂಬತ್ತಕ್ಕೆ ದೇವಸ್ಥಾನದ ಮುಂದೆ ಸಿಗಿ. ಬರೀ ಫೋಟೊ ಸಾಲದು, ಅಳತೆ ಟೇಪ್, ಒಂದು ರಟ್ಟು, ಪೆನ್ಸಿಲ್ ತನ್ನಿ. ಹುಲಿಯ ಬಾಯಿಯ ಬಾಗನ್ನ ಅಲ್ಲೇ ನಿಂತು ಬರೆದುಕೊಳ್ಳಬೇಕು.